ಸೊನ್ನೆ ಫಲಿತಾಂಶದ ವಹಿ: ಗ್ರಂಥಾಲಯದ ಇ-ಸಂಪನ್ಮೂಲಗಳು ಹುಡುಕಿದರೆ ಸಿಗುವಂತೆ ಮಾಡಿದ ಏಳು ತಿಂಗಳ ಕೆಲಸ

ಶಿರಸಿಯ ಪದವಿ ಕಾಲೇಜೊಂದರ ಗ್ರಂಥಾಲಯದಲ್ಲಿ ಜೂನ್ ಎರಡನೆಯ ವಾರದಿಂದ ಡಿಸೆಂಬರ್ ಕೊನೆಯವರೆಗೆ ನಾವು ಮಾಡಿದ ಒಂದು ಕೆಲಸವನ್ನು, ಮಾಡಿದ ಕ್ರಮದಲ್ಲಿಯೇ, ಕೆಟ್ಟುಹೋದ ದಿನಗಳನ್ನೂ ಬಿಡದೆ ಇಲ್ಲಿ ದಾಖಲಿಸಿದ್ದೇನೆ. ಕೆಲಸಕ್ಕಿದ್ದವರು ಗ್ರಂಥಪಾಲಕನಾದ ನಾನು, ಒಬ್ಬ ಸಹಾಯಕಿ ಮತ್ತು ಮಧ್ಯಾಹ್ನ ಮೂರರ ನಂತರ ಬಿಡುವಾಗುತ್ತಿದ್ದ ಇಬ್ಬರು ಬಿಸಿಎ ವಿದ್ಯಾರ್ಥಿಗಳು. ಯಂತ್ರವೆಂದರೆ ಡೆಬಿಯನ್ ಎಂಬ ಲಿನಕ್ಸ್ ಕಾರ್ಯವ್ಯವಸ್ಥೆ ಹಾಕಿದ, 4 ಜಿಬಿ ರ‍್ಯಾಮ್‌ನ ಹಳೆಯ ಡೆಸ್ಕ್‌ಟಾಪ್. ಅದರ ಮೇಲೆ ಗ್ರಂಥಾಲಯದ ದಾಖಲೆ ಮತ್ತು ಹುಡುಕಾಟವನ್ನು ನಡೆಸುವ ಕೋಹಾ ತಂತ್ರಾಂಶ, ಕೋಹಾದೊಳಗೆ 11,400 ಮುದ್ರಿತ ಪುಸ್ತಕಗಳ ದಾಖಲೆಗಳು.

ಇ-ಸಂಪನ್ಮೂಲಗಳ ಕೊರತೆ ನಮಗೆ ಇರಲಿಲ್ಲ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಕಾಲೇಜುಗಳಿಗಾಗಿ ನಡೆಸುವ ಎನ್-ಲಿಸ್ಟ್ ಯೋಜನೆಯ ಸದಸ್ಯತ್ವ ಇದ್ದುದರಿಂದ 6,000ಕ್ಕೂ ಹೆಚ್ಚು ಇ-ನಿಯತಕಾಲಿಕೆಗಳು ಮತ್ತು 1,99,500ಕ್ಕೂ ಹೆಚ್ಚು ಇ-ಪುಸ್ತಕಗಳು ಕಾಗದದ ಮೇಲೆ ನಮ್ಮವೇ ಆಗಿದ್ದವು. ಅದರ ಜೊತೆಗೆ ಅದೇ ಕೇಂದ್ರದ ಶೋಧಗಂಗಾ ಪ್ರಬಂಧ ಭಂಡಾರ, ಐಐಟಿ ಖರಗಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು, ಹಾಗೂ ನಮ್ಮದೇ ಕಪಾಟಿನ ಸಿಡಿಗಳಲ್ಲಿ ಮಲಗಿದ್ದ ಪ್ರಶ್ನೆಪತ್ರಿಕೆಗಳು, ಕಾಲೇಜಿನ ವಾರ್ಷಿಕ ಸಂಚಿಕೆಗಳು ಮತ್ತು ವಿದ್ಯಾರ್ಥಿಗಳ ಯೋಜನಾ ವರದಿಗಳು ಇದ್ದವು. ಇಷ್ಟಿದ್ದರೂ ಹುಡುಕುವ ಪೆಟ್ಟಿಗೆಯಲ್ಲಿ ಪದ ಹಾಕಿದವರಿಗೆ ಕಾಣುತ್ತಿದ್ದುದು ‘ಯಾವುದೂ ಸಿಗಲಿಲ್ಲ’ ಎಂಬ ಒಂದೇ ಸಾಲು.

ಹಂತ 0: ಮಾರ್ಚ್‌ನಲ್ಲಿ ಮಾಡಿದ ಮೊದಲ ತಪ್ಪು

ಈ ಕೆಲಸಕ್ಕೂ ಮುಂಚೆ, ಮಾರ್ಚ್ ತಿಂಗಳಲ್ಲಿ, ನಾನು 43 ಕೊಂಡಿಗಳನ್ನು ಅಕಾರಾದಿಯಾಗಿ ಜೋಡಿಸಿ ಒಂದು ಪುಟ ಮಾಡಿದ್ದೆ. ನೋಡಲು ಅಚ್ಚುಕಟ್ಟಾಗಿತ್ತು. ಮೂರು ತಿಂಗಳಲ್ಲಿ ಅದು ತೆರೆದುಕೊಂಡದ್ದು 61 ಬಾರಿ, ಅದರಲ್ಲಿ ಅರ್ಧದಷ್ಟು ನಾವೇ ಪರೀಕ್ಷೆಗೆಂದು ತೆರೆದದ್ದಿರಬೇಕು. ಓದುಗನಿಗೆ ಬೇಕಿರುವುದು ಒಂದು ವಿಷಯವೇ ಹೊರತು ಒಂದು ಸಂಸ್ಥೆಯ ಹೆಸರಲ್ಲ ಎಂಬುದು ಆ ಪುಟವನ್ನು ಮಾಡುವಾಗ ನನಗೆ ಹೊಳೆಯಲಿಲ್ಲ. ಶೋಧಗಂಗಾ ಎಂದರೇನೆಂದು ತಿಳಿಯದವನು ಆ ಹೆಸರಿನ ಮೇಲೆ ಏಕೆ ಒತ್ತುತ್ತಾನೆ?

ಹಂತ 1: ಜೂನ್ 9ರಿಂದ ಜುಲೈ 14

ಜೂನ್ ಆರಂಭದಲ್ಲಿ ಒಬ್ಬ ಹಿರಿಯ ಅಡಿಕೆ ಬೆಳೆಗಾರರು, ನಮ್ಮಲ್ಲಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳ ಅಜ್ಜ, ಮಳೆ ಹಿಡಿಯುವ ಮೊದಲೇ ಅಡಿಕೆಯ ಕೊಳೆರೋಗದ ಔಷಧಿಯ ವಿಚಾರ ತಿಳಿಯಲು ಬಂದರು. ಹುಡುಕುವ ಗಣಕದ ಮುಂದೆ ಹತ್ತು ನಿಮಿಷ ಕುಳಿತು ಎದ್ದು ಬಂದವರು, “ತಮಾ, ಕೊಳೆರೋಗ ಹೇಳಿ ಹಾಕಿದ್ರೆ ಎಂತೂ ಬತ್ತಿಲ್ಲೆ” ಎಂದರು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದ ಪ್ರಕಟಣೆಗಳಿಗೆ ನಮ್ಮಲ್ಲಿ ದಾರಿ ಇತ್ತು, ಆದರೆ ಅವುಗಳ ಶೀರ್ಷಿಕೆಯಲ್ಲಿದ್ದುದು ಇಂಗ್ಲಿಷಿನ ‘ಫ್ರೂಟ್ ರಾಟ್’ ಎಂಬ ಮಾತು. ಮಲೆನಾಡಿನ ಪ್ರತಿ ತೋಟದಲ್ಲಿ ಆಡುವ ಪದವೊಂದು ನಮ್ಮ ಸೂಚಿಯಲ್ಲಿ ಎಲ್ಲಿಯೂ ಇರಲಿಲ್ಲ.

ಆ ದಿನವೇ ಹುಡುಕಾಟದ ವೈಫಲ್ಯಗಳನ್ನು ಲೆಕ್ಕ ಹಾಕಲು ನಿರ್ಧರಿಸಿದೆವು. ಕೋಹಾದ ದತ್ತಸಂಚಯದಲ್ಲಿ ಹುಡುಕಾಟದ ಇತಿಹಾಸವನ್ನು ಇಡುವ ಒಂದು ಕೋಷ್ಟಕವಿದ್ದು, ಪ್ರತಿ ಹುಡುಕಾಟಕ್ಕೆ ಎಷ್ಟು ಫಲಿತಾಂಶ ಬಂತೆಂಬ ಸಂಖ್ಯೆಯೂ ಅದರಲ್ಲಿ ಇರುತ್ತದೆ. ಆ ಸಂಖ್ಯೆ ಸೊನ್ನೆಯಾಗಿರುವ ಸಾಲುಗಳನ್ನು ಮಾತ್ರ, ಹುಡುಕಿದವರ ಹೆಸರು ಬಾರದಂತೆ, ವರದಿಯಾಗಿ ತೆಗೆದರೆ ಸಾಕೆಂದುಕೊಂಡೆ. ಬಂದದ್ದು 19 ಸಾಲುಗಳು ಮಾತ್ರ. ಲಾಗಿನ್ ಆಗಿ ಹುಡುಕಿದವರ ಇತಿಹಾಸವಷ್ಟೇ ಅಲ್ಲಿ ಉಳಿಯುತ್ತದೆ ಮತ್ತು ನಮ್ಮ ವಿದ್ಯಾರ್ಥಿಗಳಲ್ಲಿ ಯಾರೂ ಲಾಗಿನ್ ಆಗಿ ಹುಡುಕುವುದಿಲ್ಲ ಎಂಬುದು ಗೊತ್ತಾಗಲು ಮೂರು ದಿನ ಹಿಡಿಯಿತು.

ಕೊನೆಗೆ 45 ರೂಪಾಯಿಯ ಒಂದು ಗೆರೆ ವಹಿಯನ್ನು ದಾರಕಟ್ಟಿದ ಪೆನ್ನಿನೊಡನೆ ಗಣಕದ ಪಕ್ಕ ಇಟ್ಟು, ‘ಹುಡುಕಿದ್ದು ಸಿಗದಿದ್ದರೆ ಹಾಕಿದ ಪದವನ್ನು ಹಾಕಿದಂತೆಯೇ ಬರೆಯಿರಿ’ ಎಂದು ಮೇಲೆ ಅಂಟಿಸಿದೆವು. ಸಹಾಯಕಿಯು ಸಂಜೆ ಆ ಪದಗಳನ್ನು ತಾವೇ ಒಮ್ಮೆ ಹುಡುಕಿ ನೋಡಿ ಪಕ್ಕದಲ್ಲಿ ಗುರುತು ಹಾಕುತ್ತಿದ್ದರು. ಐದು ವಾರಗಳಲ್ಲಿ 212 ನಮೂದುಗಳಾದವು. ಅವುಗಳಲ್ಲಿ 71 ಲಿಪಿ ಮತ್ತು ಕಾಗುಣಿತದ ಭೇದಗಳಿಂದ ಸೋತವು. 58 ಓದುಗನ ಪದ ಒಂದು, ದಾಖಲೆಯ ಪದ ಇನ್ನೊಂದು ಆದುದರಿಂದ ಸೋತವು. 34 ಬೆರಳು ತಪ್ಪಿದವು. 31 ನಿಜವಾಗಿಯೂ ನಮ್ಮಲ್ಲಿ ಇಲ್ಲದ ವಿಷಯಗಳು. ಉಳಿದ 18ನ್ನು ಕೈಬರಹದಿಂದಾಗಿ ನಮಗೇ ಓದಲಾಗಲಿಲ್ಲ. ಅಂದರೆ ಇಲ್ಲದ್ದನ್ನು ಹುಡುಕಿ ಸೋತವರಿಗಿಂತ ಇದ್ದುದನ್ನೇ ಹುಡುಕಿ ಸೋತವರು ನಾಲ್ಕು ಪಟ್ಟು ಹೆಚ್ಚು.

ವಹಿಯಿಂದ 40 ಹುಡುಕಾಟಗಳನ್ನು ಆರಿಸಿ ಒಂದು ಪರೀಕ್ಷಾ ಪಟ್ಟಿ ಮಾಡಿಕೊಂಡೆವು: 26 ಕನ್ನಡ ಲಿಪಿಯವು, 14 ಇಂಗ್ಲಿಷ್ ಅಕ್ಷರದವು. ಮೊದಲ 10 ಫಲಿತಾಂಶಗಳೊಳಗೆ ಉಪಯೋಗಕ್ಕೆ ಬರುವ ಒಂದಾದರೂ ಸಿಕ್ಕರೆ ಗೆಲುವು, ಇಲ್ಲದಿದ್ದರೆ ಸೋಲು. ಜುಲೈ 14ರಂದು ಗೆದ್ದವು 5, ಐದೂ ಇಂಗ್ಲಿಷ್ ಅಕ್ಷರದವು.

ಹಂತ 2: ಜುಲೈ 15ರಿಂದ 31, ದಾಖಲೆಗಳನ್ನು ಸೇರಿಸಿದ್ದು

ಇ-ಸಂಪನ್ಮೂಲಗಳು ಬೇರೆ ಪುಟದಲ್ಲಿರದೆ ಮುದ್ರಿತ ಪುಸ್ತಕಗಳ ನಡುವೆಯೇ, ಅದೇ ಹುಡುಕಾಟದಲ್ಲಿ ಸಿಗಬೇಕೆಂಬುದು ನಮ್ಮ ತೀರ್ಮಾನವಾಗಿತ್ತು. ಅದನ್ನು ಜಾರಿಗೆ ತರುವ ಅವಸರದಲ್ಲಿ ಒಬ್ಬ ಪ್ರಕಾಶಕರ ತಾಣದಿಂದ 9,300 ಇ-ಪುಸ್ತಕಗಳ ಮಾರ್ಕ್ ದಾಖಲೆಗಳನ್ನು (ಪುಸ್ತಕದ ವಿವರಗಳನ್ನು ಸಂಖ್ಯೆ ಹಾಕಿದ ಕ್ಷೇತ್ರಗಳಲ್ಲಿ ಇಡುವ, ಗ್ರಂಥಾಲಯಗಳ ಪ್ರಮಾಣಿತ ರೂಪ) ಇಳಿಸಿಕೊಂಡು ಒಂದೇ ರಾತ್ರಿಯಲ್ಲಿ ಕೋಹಾದೊಳಗೆ ತುಂಬಿದೆ. ಮರುದಿನ ಅರ್ಥಶಾಸ್ತ್ರದ ಅಧ್ಯಾಪಕಿಯೊಬ್ಬರು, ಪ್ರತಿ ವರ್ಷ ತಾವು ತರಗತಿಗೆ ಒಯ್ಯುವ ಪಠ್ಯಪುಸ್ತಕವು ಹುಡುಕಾಟದಲ್ಲಿ 14ನೆಯ ಪುಟಕ್ಕೆ ಹೋಗಿದೆಯೆಂದು ತೋರಿಸಿದರು. ಒಳನಾಡಿನ ಒಂದು ಕಾಲೇಜಿಗೆ ಎಂದೂ ಬೇಡವಾದ ಸಾವಿರಾರು ಶೀರ್ಷಿಕೆಗಳು ಬೇಕಾದುದರ ಮೇಲೆ ಕುಳಿತಿದ್ದವು. ಅದೃಷ್ಟವಶಾತ್ ಕೋಹಾದಲ್ಲಿ ಒಂದು ಕಂತಿನಲ್ಲಿ ಒಳಬಂದ ದಾಖಲೆಗಳನ್ನು ಅದೇ ಕಂತಾಗಿ ಹಿಂದೆಗೆಯುವ ಸೌಲಭ್ಯವಿದೆ. ಅದನ್ನು ಬಳಸಿ ಎಲ್ಲವನ್ನೂ ತೆಗೆದೆವು.

ಎರಡನೆಯ ಪ್ರಯತ್ನದಲ್ಲಿ ವಹಿಯನ್ನೂ ಪಠ್ಯಕ್ರಮವನ್ನೂ ಎದುರಿಗಿಟ್ಟುಕೊಂಡು ಒಂದೊಂದಾಗಿ ಆರಿಸಿ 640 ಶೀರ್ಷಿಕೆಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿ, ಮಾರ್ಕ್‌ಎಡಿಟ್ ತಂತ್ರಾಂಶದ ಮೂಲಕ ಮಾರ್ಕ್ ರೂಪಕ್ಕೆ ತಿರುಗಿಸಿದೆವು. ಇಲ್ಲಿ ಮೂರು ಪೆಟ್ಟುಗಳು ಬಿದ್ದವು. ಮೊದಲನೆಯದಾಗಿ, ಎಕ್ಸೆಲ್ ಪುಸ್ತಕದ ಗುರುತುಸಂಖ್ಯೆಯಾದ 13 ಅಂಕಿಗಳ ಐಎಸ್‌ಬಿಎನ್ ಅನ್ನು ಒಂದು ದೊಡ್ಡ ಸಂಖ್ಯೆಯೆಂದು ಭಾವಿಸಿ 9.78ರ ಮುಂದೆ ಘಾತವನ್ನು ಬರೆದು ಉಳಿದ ಅಂಕಿಗಳನ್ನು ನುಂಗಿತು. ಆ ಕಂಬಸಾಲನ್ನು ಮೊದಲೇ ‘ಪಠ್ಯ’ ಎಂದು ಗುರುತಿಸಬೇಕಿತ್ತು. ಎರಡನೆಯದಾಗಿ, ಕಡತವನ್ನು ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತದಲ್ಲಿ ಉಳಿಸದ ಕಾರಣ ಕನ್ನಡದ ಶೀರ್ಷಿಕೆಗಳೆಲ್ಲ ಪ್ರಶ್ನೆಚಿಹ್ನೆಗಳ ಸಾಲುಗಳಾದವು. ಮೂರನೆಯದು ಪತ್ತೆಗೆ ಸಿಗದೆ ಎರಡು ದಿನ ಕಾಡಿತು: ಮಾರ್ಕ್ ದಾಖಲೆಯ ಲೀಡರ್ ಎಂಬ ತಲೆಸಾಲಿನಲ್ಲಿ 9ನೆಯ ಸ್ಥಾನದಲ್ಲಿ ಇಂಗ್ಲಿಷಿನ ‘ಎ’ ಅಕ್ಷರವಿದ್ದರೆ ಮಾತ್ರ ಅದು ಯೂನಿಕೋಡ್ ದಾಖಲೆ, ಆ ಜಾಗ ಖಾಲಿಯಿದ್ದರೆ ಹಳೆಯ ಮಾರ್ಕ್-8 ಸಂಕೇತವೆಂದು ಅರ್ಥ. ನಮ್ಮ 640ರಲ್ಲಿ ಆ ಜಾಗ ಖಾಲಿಯಿತ್ತು.

ಕೊಂಡಿಯನ್ನು ಇಡುವುದು 856ನೆಯ ಕ್ಷೇತ್ರದಲ್ಲಿ. ‘ಯು’ ಉಪಕ್ಷೇತ್ರದಲ್ಲಿ ವಿಳಾಸವನ್ನಷ್ಟೇ ಹಾಕಿದ್ದರಿಂದ ಪರದೆಯ ಮೇಲೆ ಎರಡು ಸಾಲುದ್ದದ ವಿಳಾಸವೇ ಕಾಣುತ್ತಿತ್ತು. ‘ವೈ’ ಉಪಕ್ಷೇತ್ರದಲ್ಲಿ ‘ಇಲ್ಲಿ ಓದಿ’ ಎಂದೂ ‘ಝಡ್’ ಉಪಕ್ಷೇತ್ರದಲ್ಲಿ ‘ಎನ್-ಲಿಸ್ಟ್ ಲಾಗಿನ್ ಬೇಕು, ಇಲ್ಲದವರು ಕೌಂಟರಿನಲ್ಲಿ ಕೇಳಿ’ ಎಂದೂ ಸೇರಿಸಿದ ಮೇಲೆ, ಲಾಗಿನ್ ಪುಟದವರೆಗೆ ಹೋಗಿ ಸುಮ್ಮನೆ ಹಿಂದಿರುಗುತ್ತಿದ್ದವರು ಕೌಂಟರಿಗೆ ಬರತೊಡಗಿದರು. ಆ ಒಂದು ಸಾಲಿನಿಂದಾಗಿ ಆಗಸ್ಟ್‌ನಲ್ಲಿ ಹೊಸದಾಗಿ 87 ಮಂದಿ ಲಾಗಿನ್ ಪಡೆದರು.

ಪರೀಕ್ಷಾ ಪಟ್ಟಿಯಲ್ಲಿ ಗೆಲುವು 5ರಿಂದ 9ಕ್ಕೆ ಏರಿತು. ಅಷ್ಟು ದುಡಿದದ್ದಕ್ಕೆ ಇದು ಕಡಿಮೆಯೇ.

ಹಂತ 3: ಆಗಸ್ಟ್ 4ರಿಂದ 16, ಕನ್ನಡ ಪದಗಳು ಸಿಗುವಂತೆ ಮಾಡಿದ್ದು

ಕನ್ನಡದ 26 ಹುಡುಕಾಟಗಳು ಏಕೆ ಒಂದೂ ಬಿಡದೆ ಸೋಲುತ್ತಿವೆಯೆಂದು ನೋಡಿದಾಗ ಕಾರಣ ಸೂಚೀಕರಣದಲ್ಲಿತ್ತು. ಕೋಹಾದ ಹಿಂದೆ ಕೆಲಸ ಮಾಡುವ ಝೀಬ್ರಾ ಎಂಬ ಹುಡುಕು ಯಂತ್ರವು ನಮ್ಮಲ್ಲಿ ರೋಮನ್ ಅಕ್ಷರಗಳಿಗೆಂದು ಮಾಡಿದ ಅಕ್ಷರ ನಕ್ಷೆಯನ್ನು ಬಳಸುತ್ತಿತ್ತು. ಅದರ ಬದಲು ಐಸಿಯು ಎಂಬ ಯೂನಿಕೋಡ್ ಆಧಾರಿತ ವ್ಯವಸ್ಥೆಯನ್ನು ಹಾಕಬಹುದು. ಝೀಬ್ರಾದ ‘ಡಿಫಾಲ್ಟ್.ಐಡಿಎಕ್ಸ್’ ಕಡತದಲ್ಲಿ ಅಕ್ಷರ ನಕ್ಷೆಯ ಸಾಲನ್ನು ತೆಗೆದು ಐಸಿಯು ಸಾಲನ್ನು ಬರೆಯುವುದಷ್ಟೇ ಕೆಲಸ, ಐದು ನಿಮಿಷ ಸಾಕು.

ನನಗೆ ಒಂದೂವರೆ ದಿನ ಹಿಡಿಯಿತು. ಕಡತ ಬದಲಿಸಿ ಸೂಚಿಯನ್ನು ಮರುಕಟ್ಟುವ ಆಜ್ಞೆ ಕೊಟ್ಟೆ, ಹುಡುಕಿದೆ, ಏನೂ ಬರಲಿಲ್ಲ. ಕಡತದಲ್ಲಿ ತಪ್ಪಿದೆಯೆಂದು ಅದನ್ನೇ ಹತ್ತು ಬಾರಿ ತಿದ್ದಿದೆ. ತಪ್ಪು ಕಡತದಲ್ಲಿ ಇರಲೇ ಇಲ್ಲ. ಮರುಕಟ್ಟುವ ಆಜ್ಞೆಯ ಜೊತೆ ‘ಎಫ್’ ಎಂಬ ಪೂರ್ಣ ಮರುಕಟ್ಟುವಿಕೆಯ ಸೂಚನೆಯನ್ನು ಕೊಡದಿದ್ದರೆ ಅದು ಹೊಸದಾಗಿ ಬದಲಾದ ದಾಖಲೆಗಳನ್ನು ಮಾತ್ರ ಮುಟ್ಟುತ್ತದೆ, ಹಳೆಯ 11,400 ಹಾಗೆಯೇ ಉಳಿಯುತ್ತವೆ. ಪೂರ್ಣವಾಗಿ ಮರುಕಟ್ಟಲು ಹಿಡಿದದ್ದು ಆರು ನಿಮಿಷ. ಅದೂ ಮೊದಲ ಸಲ ನಾಲ್ಕನೆಯ ನಿಮಿಷಕ್ಕೆ ವಿದ್ಯುತ್ ಹೋಗಿ ಅರ್ಧಕ್ಕೆ ನಿಂತಿತು. ಮಳೆಗಾಲದ ಶಿರಸಿಯಲ್ಲಿ ಯುಪಿಎಸ್‌ನ ಬ್ಯಾಟರಿ ಸತ್ತಿದೆಯೆಂದು ತಿಳಿಯುವುದು ಇಂಥ ಹೊತ್ತಿನಲ್ಲೇ. ಹೊಸ ಬ್ಯಾಟರಿಗೆ 1,150 ರೂಪಾಯಿ.

ಐಸಿಯು ಬಂದ ಮೇಲೂ ವಾಣಿಜ್ಯ ವಿಭಾಗದವರ ‘ಬ್ಯಾಂಕ್’ ಸಿಗಲಿಲ್ಲ. ದಾಖಲೆಯಲ್ಲಿಯೂ ಬ್ಯಾಂಕ್, ಹುಡುಕಿದ್ದೂ ಬ್ಯಾಂಕ್, ಕಣ್ಣಿಗೆ ಎರಡೂ ಒಂದೇ. ಬಿಸಿಎ ಹುಡುಗನೊಬ್ಬ ಎರಡೂ ಪದಗಳ ಅಕ್ಷರ ಎಣಿಸಿ ಒಂದರಲ್ಲಿ ಒಂದು ಹೆಚ್ಚಿದೆಯೆಂದು ತೋರಿಸಿದ. ಕೆಲವು ಕೀಲಿಮಣೆಗಳು ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಬೇರ್ಪಡಿಸುವ ಚಿಹ್ನೆಯನ್ನು ಸೇರಿಸುತ್ತವೆ. ಒತ್ತಕ್ಷರವಾಗದಂತೆ ತಡೆಯಲು ಅದು ಬೇಕು, ಹುಡುಕಾಟಕ್ಕೆ ಅದೇ ಕಂಟಕ. ಐಸಿಯು ಕಡತದಲ್ಲಿ ಆ ಚಿಹ್ನೆಯನ್ನೂ ಅದರ ಜೋಡಿಯಾದ ಕೂಡಿಸುವ ಚಿಹ್ನೆಯನ್ನೂ ಸೂಚೀಕರಣದ ವೇಳೆ ತೆಗೆದುಹಾಕುವ ಒಂದು ನಿಯಮ ಬರೆದೆವು. ಓದುಗ ಹಾಕಿದ ಪದವೂ ಅದೇ ಜರಡಿಯಲ್ಲಿ ಹಾದುಹೋಗುವುದರಿಂದ ಎರಡೂ ಕಡೆ ಸರಿಹೊಂದಿತು. ಗೆಲುವು 17.

ಹಂತ 4: ಆಗಸ್ಟ್ 18ರಿಂದ ಸೆಪ್ಟೆಂಬರ್ 12, ಹಳೆಯ ದಾಖಲೆಗಳ ಕೊಳೆ ತೊಳೆದದ್ದು

ಈ ಹಂತದಲ್ಲಿ ಆದ ತಪ್ಪು ನನ್ನದೇ ಮತ್ತು ಎಲ್ಲಕ್ಕಿಂತ ದೊಡ್ಡದು.

ನಮ್ಮ ದಾಖಲೆಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಗಳಲ್ಲಿ ಸಿದ್ಧವಾದವು. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಟೈಪಾದ ಸುಮಾರು 900 ಶೀರ್ಷಿಕೆಗಳಲ್ಲಿ ಕನ್ನಡವೆಂಬುದು ಇಂಗ್ಲಿಷ್ ಅಕ್ಷರ ಮತ್ತು ಪೌಂಡ್ ಚಿಹ್ನೆಗಳ ರಾಶಿಯಾಗಿತ್ತು. ಅವನ್ನು ಪರಿವರ್ತಕದಲ್ಲಿ ಹಾಕಿ ತಿರುಗಿಸಿ, ಕಣ್ಣಿನಿಂದ ಓದಿ ಸರಿಪಡಿಸಿದೆವು. ಪರಿವರ್ತನೆಯಾದ ಕೆಲವೆಡೆ ದೀರ್ಘದ ಚಿಹ್ನೆ ಪ್ರತ್ಯೇಕ ಅಕ್ಷರವಾಗಿ ಉಳಿದಿತ್ತು. ‘ನೀರು’ ಎಂಬಲ್ಲಿ ನಿ ಒಂದು, ಅದರ ಮುಂದಿನ ದೀರ್ಘ ಇನ್ನೊಂದು. ಯೂನಿಕೋಡಿನ ಪ್ರಮಾಣಿತ ಸಂಯುಕ್ತ ರೂಪಕ್ಕೆ ತಂದಾಗ ಅವೆಲ್ಲ ತಾವಾಗಿಯೇ ಒಂದಾದವು.

ತಾವಾಗಿ ಒಂದಾಗದ ಎರಡು ತಪ್ಪುಗಳು ನೂರಾರು ದಾಖಲೆಗಳಲ್ಲಿ ಇದ್ದವು. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಹೊಡೆದು ‘ಸ೦ಸ್ಕೃತಿ’ ಎಂದು ಬರೆದದ್ದು ಒಂದು. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಅಂಕಿಯನ್ನು ಹೊಡೆದು ‘ಕನಾ೯ಟಕ’ ಎಂದು ಬರೆದದ್ದು ಇನ್ನೊಂದು. ಮುದ್ರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಹುಡುಕಿದರೆ ಎಂದೂ ಸಿಗುವುದಿಲ್ಲ.

ಓಪನ್‌ರಿಫೈನ್ ತಂತ್ರಾಂಶದಲ್ಲಿ ಎಲ್ಲ ದಾಖಲೆಗಳನ್ನು ತೆರೆದು, ಸೊನ್ನೆಯಿದ್ದಲ್ಲೆಲ್ಲ ಅನುಸ್ವಾರ, ಒಂಬತ್ತಿದ್ದಲ್ಲೆಲ್ಲ ‘ರ್’ ಎಂದು ಎರಡು ಆಜ್ಞೆ ಕೊಟ್ಟು, ಫಲಿತಾಂಶದ ಮೊದಲ ಪುಟವನ್ನಷ್ಟೇ ನೋಡಿ ಕೋಹಾಕ್ಕೆ ಮರಳಿ ತುಂಬಿದೆ. ಶುಕ್ರವಾರ ಸಂಜೆ ತುಂಬಿದ್ದು, ಸೋಮವಾರ ಬೆಳಿಗ್ಗೆ ಗೊತ್ತಾಯಿತು. ‘ಸಂಪುಟ ೧೦’ ಎಂಬುದು ‘ಸಂಪುಟ ೧ಂ’ ಆಗಿತ್ತು. ರಾಜ್ಯಕ್ಕೆ ಹೊಸ ಹೆಸರು ಬಂದ ‘೧೯೭೩’ರ ಇಸವಿ ‘೧ರ್೭೩’ ಆಗಿತ್ತು. ಎಲ್ಲಕ್ಕಿಂತ ನಾಚಿಕೆಗೇಡಾದದ್ದು ‘ಕನಾ೯ಟಕ’. ಅರ್ಕಾವತ್ತು ಬರವಣಿಗೆಯಲ್ಲಿ ಅಕ್ಷರದ ನಂತರ ಕಂಡರೂ ಉಚ್ಚಾರದಲ್ಲಿ ಅದಕ್ಕೆ ಮೊದಲು ಬರುವುದರಿಂದ, ಇದ್ದಲ್ಲಿಯೇ ‘ರ್’ ಹಾಕಿದ ನನ್ನ ಆಜ್ಞೆಯು ಅದನ್ನು ‘ಕನಾರ್ಟಕ’ ಮಾಡಿತ್ತು. ಕನ್ನಡ ಅಧ್ಯಾಪಕರೊಬ್ಬರು ಅದನ್ನು ಪರದೆಯ ಮೇಲೆ ಓದಿ ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ.

ಶುಕ್ರವಾರ ರಾತ್ರಿ ತೆಗೆದಿಟ್ಟ ದತ್ತಸಂಚಯದ ನಕಲು (ಬ್ಯಾಕಪ್) ಕೆಟ್ಟ ದಾಖಲೆಗಳದ್ದೇ ಆಗಿದ್ದರಿಂದ ಗುರುವಾರ ರಾತ್ರಿಯದನ್ನು ಮರಳಿ ಹಾಕಿದೆವು. ಶುಕ್ರವಾರದ ಪುಸ್ತಕ ಕೊಡು-ತೆಗೆದುಕೊಳ್ಳುವ ಲೆಕ್ಕವನ್ನು ಸಹಾಯಕಿ ಚೀಟಿಗಳಿಂದ ಮತ್ತೆ ನಮೂದಿಸಬೇಕಾಯಿತು; 63 ಚೀಟಿಗಳು, ಮುಕ್ಕಾಲು ದಿನ. ನಂತರ ಹೀಗೆ ಮಾಡಿದೆವು: ಅಂಕಿಯ ಎಡಗಡೆ ಕನ್ನಡ ಅಕ್ಷರವಿದ್ದರೆ ಮಾತ್ರ ತಿದ್ದುವುದು, ಎಡದಲ್ಲಾಗಲಿ ಬಲದಲ್ಲಾಗಲಿ ಇನ್ನೊಂದು ಅಂಕಿಯಿದ್ದರೆ ಮುಟ್ಟದಿರುವುದು, ಒಂಬತ್ತರ ವಿಷಯದಲ್ಲಿ ‘ರ್’ ಅನ್ನು ಹಿಂದಿನ ಪೂರ್ಣ ಅಕ್ಷರಗುಚ್ಛದ ಮುಂಚೆ ಸೇರಿಸುವುದು. ಬದಲಾದ 438 ಸಾಲುಗಳನ್ನೂ ಇಬ್ಬರು ಪ್ರತ್ಯೇಕವಾಗಿ ಓದಿದ ಮೇಲೆಯೇ ಕೋಹಾಕ್ಕೆ ತುಂಬಿದೆವು. ಗೆಲುವು 23.

ಹಂತ 5: ಸೆಪ್ಟೆಂಬರ್ 15ರಿಂದ ನವೆಂಬರ್ 8, ಪದಗಳ ಕೆಲಸ

ತಂತ್ರಾಂಶದ ಕೆಲಸ ಇಲ್ಲಿಗೆ ಬಹುತೇಕ ಮುಗಿಯಿತು, ವಹಿಯ 58 ಪದಭೇದಗಳು ಉಳಿದವು. ಅಡಿಕೆಗೆ ಅಡಕೆ ಎಂಬ ರೂಪವೂ ಇದೆ. ಇಂಗ್ಲಿಷಿನಲ್ಲಿ ಅದು ಅರೆಕನಟ್ ಎಂದು ಒಂದೇ ಪದವಾಗಿಯೂ ಅರೆಕಾ ನಟ್ ಎಂದು ಎರಡಾಗಿಯೂ ಹಳೆಯ ಪುಸ್ತಕಗಳಲ್ಲಿ ಬೀಟಲ್ ನಟ್ ಎಂದೂ ಇದೆ. ಕಾರವಾರವನ್ನು ಹಳೆಯ ಇಂಗ್ಲಿಷ್ ದಾಖಲೆಗಳು ‘ಸಿ’ ಅಕ್ಷರದಿಂದ ಬರೆದವು, ಇಂದಿನವು ‘ಕೆ’ಯಿಂದ. ಹೊನ್ನಾವರ ಒನೋರ್ ಆಗಿದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ವಿಷಯವಂತೂ ಇನ್ನೂ ತೊಡಕಿನದು: 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದ ಈ ಜಿಲ್ಲೆಯ ಗೆಜೆಟಿಯರ್ ಬೇಕೆಂದು ಇತಿಹಾಸದ ವಿದ್ಯಾರ್ಥಿಗಳು ‘ಉತ್ತರ ಕನ್ನಡ ಗೆಜೆಟಿಯರ್’ ಎಂದು ಹುಡುಕುತ್ತಾರೆ, 1883ರ ಸಂಪುಟವೋ ಮುಂಬಯಿ ಪ್ರಾಂತದ ಗೆಜೆಟಿಯರ್‌ನ 15ನೆಯ ಸಂಪುಟವಾಗಿ ಬರೀ ‘ಕನರಾ’ ಎಂಬ ಹೆಸರಿನಲ್ಲಿ ಕುಳಿತಿದೆ. ಇಂಟರ್ನೆಟ್ ಆರ್ಕೈವ್‌ನ ಕನ್ನಡ ಪುಸ್ತಕಗಳದ್ದು ಬೇರೆಯೇ ಕಥೆ. ಭಾರತೀಯ ಡಿಜಿಟಲ್ ಗ್ರಂಥಾಲಯದಿಂದ ಅಲ್ಲಿಗೆ ಹೋದ ಪ್ರತಿಗಳ ಗುರುತು ‘ಇನ್.ಅರ್ನೆಟ್.ಡಿಎಲ್‌ಐ.2015’ ಎಂದು ಆರಂಭವಾಗುತ್ತದೆ ಮತ್ತು ಶೀರ್ಷಿಕೆಯನ್ನು ಟೈಪಿಸಿದವರು ಕೇಳಿಸಿದಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ.

ಮೊದಲ ಎರಡು ವಾರ ಪ್ರತಿ ದಾಖಲೆಯಲ್ಲಿ ಬಿಡಿ ವಿಷಯಪದಗಳಿಗಿರುವ 653ನೆಯ ಕ್ಷೇತ್ರದಲ್ಲಿ ಹೊಳೆದ ಪದಗಳನ್ನೆಲ್ಲ ತುಂಬಿದೆವು. ಒಂದು ದಾಖಲೆಯಲ್ಲಿ 37 ಪದಗಳಾದವು. ಆಗ ಯಾವ ಪದ ಹಾಕಿದರೂ ಅದೇ ಹತ್ತು ದಾಖಲೆಗಳು ಮೇಲೆ ಬರತೊಡಗಿದ್ದರಿಂದ ಅವನ್ನು ಅಳಿಸಿ, ವಿಷಯ ಶೀರ್ಷಿಕೆಗಳ ಪ್ರಾಧಿಕಾರ ದಾಖಲೆಗಳನ್ನು ಮಾಡಲು ಕುಳಿತೆವು. ಒಂದು ವಿಷಯಕ್ಕೆ ಒಂದೇ ದಾಖಲೆ. 150ನೆಯ ಕ್ಷೇತ್ರದಲ್ಲಿ ಮುಖ್ಯ ಪದ, ಉಳಿದ ಎಲ್ಲ ರೂಪಗಳು 450ರಲ್ಲಿ. ಕೊಳೆರೋಗ, ಕೊಳೆ ರೋಗ, ಮಹಾಳಿ, ಫ್ರೂಟ್ ರಾಟ್ ಎಲ್ಲವೂ ಒಂದೇ ಕಡೆ.

ಮಾಡಿ ಹುಡುಕಿದರೆ ಮತ್ತೆ ಸೊನ್ನೆ. 450ರಲ್ಲಿರುವ ರೂಪಗಳನ್ನು ಪುಸ್ತಕದ ಹುಡುಕಾಟದಲ್ಲಿ ಸೇರಿಸುವ ಆಯ್ಕೆಯೊಂದು ಕೋಹಾದ ವ್ಯವಸ್ಥಾ ಪುಟದಲ್ಲಿದ್ದು, ನಮ್ಮಲ್ಲಿ ಅದನ್ನು ತೆರೆದಿರಲಿಲ್ಲ. ತೆರೆದು ಪೂರ್ಣ ಮರುಕಟ್ಟುವಿಕೆ ಮಾಡಿದ ಮೇಲೂ ಅರ್ಧದಷ್ಟು ಮಾತ್ರ ಬಂದವು, ಏಕೆಂದರೆ ಹಳೆಯ ದಾಖಲೆಗಳ ವಿಷಯ ಕ್ಷೇತ್ರಗಳಿಗೂ ಪ್ರಾಧಿಕಾರ ದಾಖಲೆಗಳಿಗೂ ನಂಟೇ ಬೆಸೆದಿರಲಿಲ್ಲ. ಬೆಸೆಯುವ ಸ್ಕ್ರಿಪ್ಟ್ ಕೋಹಾದ ಜೊತೆಯಲ್ಲಿಯೇ ಬರುತ್ತದೆ. ಅದನ್ನು ಓಡಿಸಿ, ಇನ್ನೊಮ್ಮೆ ಮರುಕಟ್ಟಿದ ಮೇಲೆ ‘ಕೊಳೆರೋಗ’ಕ್ಕೆ 11 ಫಲಿತಾಂಶಗಳು ಬಂದವು.

ಪದ ಸೇರಿಸುವ ಉತ್ಸಾಹದಲ್ಲಿ ಒಂದು ಎಡವಟ್ಟೂ ಆಯಿತು. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುವ ಗದ್ದೆಗಳಿಗೆ ಗಜನಿ ಎನ್ನುತ್ತಾರೆ, ಇಂಗ್ಲಿಷ್ ಪ್ರಬಂಧಗಳಲ್ಲಿ ಅದು ‘ಗಜ್ನಿ’ ಎಂದೂ ಇದೆ. ಅದನ್ನು 450ಕ್ಕೆ ಸೇರಿಸಿದ ವಾರದಲ್ಲಿಯೇ, ಸೋಮನಾಥದ ಮೇಲೆ ದಂಡೆತ್ತಿ ಬಂದ ಘಜ್ನಿಯ ಮಹಮೂದನ ಬಗ್ಗೆ ಇಂಗ್ಲಿಷಿನಲ್ಲಿ ಹುಡುಕಿದ ಬಿಎ ವಿದ್ಯಾರ್ಥಿಗೆ ಕುಮಟಾದ ಭತ್ತ ಮತ್ತು ಸಿಗಡಿಯ ಪ್ರಬಂಧಗಳು ಎದುರಾದವು. ಈಗ ಆ ರೂಪವನ್ನು ‘ಗಜ್ನಿ ಭೂಮಿ’ ಎಂದು ಎರಡು ಪದಗಳಾಗಿಯೇ ಇಟ್ಟಿದ್ದೇವೆ.

ಒಟ್ಟು 164 ಪ್ರಾಧಿಕಾರ ದಾಖಲೆಗಳಾದವು, ಗೆಲುವು 34. ಆ ಹಿರಿಯರಿಗೆ ಮೊಮ್ಮಗಳ ಮೂಲಕ ಹೇಳಿಕಳಿಸಿದೆವು. ಬಂದರು, ಹುಡುಕಿದರು, ಸಿಕ್ಕಿತು, ಕೊಂಡಿಯನ್ನು ಒತ್ತಿದರು. “ಇದು ಪೂರಾ ಇಂಗ್ಲಿಷಲ್ಲಿದ್ದಲೋ ತಮಾ” ಎಂದರು. ಅವರು ಕೇಳಿದ್ದು ಸಿಕ್ಕಿತೆಂದು ನಮ್ಮ ಪಟ್ಟಿಯಲ್ಲಿ ಗುರುತು ಹಾಕಿದ್ದರೂ ಅವರಿಗೆ ಸಿಕ್ಕಿದ್ದು ಏನೂ ಇಲ್ಲ. ಅಂದಿನಿಂದ ಪ್ರತಿ ಇ-ದಾಖಲೆಯ ಕೊಂಡಿಯ ಮೇಲೆ ‘ಇಲ್ಲಿ ಓದಿ’ ಎಂಬುದರ ಬದಲು ‘ಕನ್ನಡ, ಪಿಡಿಎಫ್’ ಅಥವಾ ‘ಇಂಗ್ಲಿಷ್, ಪಿಡಿಎಫ್’ ಎಂದು ಬರೆದೆವು. 640 ಕೊಂಡಿಗಳು, ನಾಲ್ಕು ದಿನ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಬಗ್ಗೆ ಕನ್ನಡದಲ್ಲಿರುವ ಎರಡು ಕೃಷಿ ಕೈಪಿಡಿಗಳು ನಮ್ಮ ಕಪಾಟಿನಲ್ಲಿಯೇ ಮುದ್ರಿತ ರೂಪದಲ್ಲಿ ಇದ್ದವು, ಅವನ್ನೂ ಅದೇ ವಿಷಯ ಶೀರ್ಷಿಕೆಗೆ ಬೆಸೆದೆವು.

ಹಂತ 6: ನವೆಂಬರ್ 10ರಿಂದ ಡಿಸೆಂಬರ್ 13, ನಮ್ಮದೇ ಸಿಡಿಗಳು

ಸಿಡಿಗಳಲ್ಲಿದ್ದ 74 ಕಡತಗಳಿಗಾಗಿ ಡಿಸ್ಪೇಸ್ ಎಂಬ ಡಿಜಿಟಲ್ ಭಂಡಾರದ ತಂತ್ರಾಂಶವನ್ನು ಸ್ಥಾಪಿಸಲು ಹೋದದ್ದು ದುರಾಸೆಯಾಯಿತು. ಅದರ 7ನೆಯ ಆವೃತ್ತಿಯ ಹೊಟ್ಟೆಗೆ ನಮ್ಮ 4 ಜಿಬಿ ಸಾಲದೆ, ಎರಡು ದಿನ ಯಂತ್ರ ತೆವಳಿ ಕೋಹಾವನ್ನೂ ಜೊತೆಗೆ ಮಲಗಿಸಿತು. 1,300 ರೂಪಾಯಿಗೆ ಹಳೆಯ 8 ಜಿಬಿ ರ‍್ಯಾಮ್ ಮತ್ತು 1,750 ರೂಪಾಯಿಗೆ 240 ಜಿಬಿಯ ಎಸ್‌ಎಸ್‌ಡಿ ತಂದು ಹಾಕಿದೆವಾದರೂ ಅದನ್ನು ಕೋಹಾಕ್ಕೇ ಬಿಟ್ಟು, ಡಿಸ್ಪೇಸ್ ಅನ್ನು ಕೈಬಿಟ್ಟೆವು.

ಸ್ಕ್ಯಾನ್ ಚಿತ್ರದ ಅಕ್ಷರಗಳನ್ನು ಪಠ್ಯವಾಗಿಸುವ (ಓಸಿಆರ್) ಟೆಸರಾಕ್ಟ್ ಅಕ್ಷರಗ್ರಾಹಿಯನ್ನು ಬಳಸುವ ಓಸಿಆರ್‌ಮೈಪಿಡಿಎಫ್‌ನಿಂದ ಕಡತಗಳಿಗೆ ಪಠ್ಯದ ಪದರ ಸೇರಿಸಿದೆವು. ಭಾಷೆ ಕನ್ನಡವೊಂದೇ ಎಂದರೆ ನಡುವೆ ಬರುವ ಇಂಗ್ಲಿಷ್ ಪದಗಳು ಕನ್ನಡ ಅಕ್ಷರಗಳ ಗೊಂದಲವಾಗುತ್ತಿದ್ದವು, ಎರಡೂ ಭಾಷೆಗಳನ್ನು ಕೊಟ್ಟ ಮೇಲೆ ಸುಧಾರಿಸಿತು. ಹಿಂದೆ 150 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ದ 19 ಕಡತಗಳಲ್ಲಿ ಒತ್ತಕ್ಷರಗಳೆಲ್ಲ ಅಳಿದು ಓದಲು ಬಾರದಿದ್ದುದರಿಂದ 300ರಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಕಾಯಿತು. ಇಷ್ಟೆಲ್ಲ ಆದ ಮೇಲೆ, ಕೋಹಾ ಪಿಡಿಎಫ್‌ನ ಒಳಗಿನ ಪಠ್ಯವನ್ನು ಸೂಚೀಕರಿಸುವುದಿಲ್ಲ ಎಂಬುದು ನನಗೆ ನೆನಪಾಯಿತು. ಕೆಲಸದ ಕ್ರಮದಲ್ಲಿ ಇದನ್ನು ಮೊದಲು ನೋಡಬೇಕಿತ್ತು. ಪರಿಹಾರವಾಗಿ ಓಸಿಆರ್‌ನಿಂದ ಬಂದ ಪರಿವಿಡಿಗಳನ್ನು ತಿದ್ದಿ 505ನೆಯ ಕ್ಷೇತ್ರಕ್ಕೆ ಅಂಟಿಸಿದೆವು. ವಾರ್ಷಿಕ ಸಂಚಿಕೆಯ ಪ್ರತಿ ಲೇಖನದ ಹೆಸರೂ ಈಗ ಹುಡುಕಾಟಕ್ಕೆ ಸಿಗುತ್ತದೆ. ಇದೇ ಸಮಯದಲ್ಲಿ ಮಾರಾಟದಲ್ಲಿರುವ ಕಾದಂಬರಿಗಳನ್ನೂ ಸ್ಕ್ಯಾನ್ ಮಾಡಿ ಹಾಕಿರೆಂಬ ಬೇಡಿಕೆ ಬಂದಿತ್ತು. ಲೇಖಕರು ತೀರಿಕೊಂಡ ನಂತರವೂ 60 ವರ್ಷ ಹಕ್ಕು ಉಳಿಯುವುದರಿಂದ ಅದಕ್ಕೆ ಒಪ್ಪಲಿಲ್ಲ. ಗೆಲುವು 36.

ಹಂತ 7: ಡಿಸೆಂಬರ್ 15ರಿಂದ 30

ಕೋಹಾದ ಜೊತೆ ಬರುವ ವಿಳಾಸ ಪರೀಕ್ಷಕ ಸ್ಕ್ರಿಪ್ಟನ್ನು ಓಡಿಸಿದಾಗ 640ರಲ್ಲಿ 41 ಕೊಂಡಿಗಳು ಸತ್ತಿದ್ದವು, ಅದೂ ಐದೇ ತಿಂಗಳಲ್ಲಿ. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಅದು ತಾನಾಗಿ ಓಡುತ್ತದೆ. ವಿಷಯವಾರು ಕಪಾಟುಗಳಿಗೆ, ಅದೇ ವಿಷಯದ ಇ-ದಾಖಲೆಗಳ ಹುಡುಕಾಟವನ್ನು ನೇರವಾಗಿ ತೆರೆಯುವ 24 ಕ್ಯೂಆರ್ ಚೀಟಿಗಳನ್ನು ಅಂಟಿಸಿದೆವು. ಜುಲೈನಲ್ಲಿ ಪ್ರಯೋಗಕ್ಕೆಂದು ಅಂಟಿಸಿದ್ದ ಎರಡು ಕಾಗದದ ಚೀಟಿಗಳು ಥಂಡಿಗೆ ಬೂಸ್ಟು ಹಿಡಿದು ಉದುರಿದ್ದರಿಂದ, ಈ ಬಾರಿ ಒಂದಕ್ಕೆ 20 ರೂಪಾಯಿಯಂತೆ ಲ್ಯಾಮಿನೇಷನ್ ಮಾಡಿಸಿದ್ದಾಯಿತು.

ಖರ್ಚಿನ ಲೆಕ್ಕ: ಎರಡು ವಹಿಗಳಿಗೆ 90, ಬ್ಯಾಟರಿಗೆ 1,150, ರ‍್ಯಾಮ್‌ಗೆ 1,300, ಎಸ್‌ಎಸ್‌ಡಿಗೆ 1,750, ಕ್ಯೂಆರ್ ಚೀಟಿಗಳಿಗೆ 480, ವಿದ್ಯಾರ್ಥಿಗಳಿಬ್ಬರಿಗೆ ಗೌರವಧನ ತಲಾ 2,000; ಒಟ್ಟು 8,770 ರೂಪಾಯಿ. ತಂತ್ರಾಂಶಗಳಿಗೆ ಏನೂ ಖರ್ಚಿಲ್ಲ.

ಪಟ್ಟಿಯ 40ರಲ್ಲಿ ನಾಲ್ಕು ಇನ್ನೂ ಸೋಲುತ್ತಿವೆ. ‘ಕಾಡು ಹಣ್ಣು’ ಎಂದು ಹುಡುಕಿದರೆ ‘ಕಾಡಿನ ಹಣ್ಣುಗಳು’ ಸಿಗುವುದಿಲ್ಲ. ಪದದ ಬಾಲವನ್ನು ಬಿಟ್ಟು ಹುಡುಕುವ ಸೌಲಭ್ಯ ಕೋಹಾದಲ್ಲಿದೆ, ಅಡಿಕೆ ಎಂದರೆ ಅಡಿಕೆಯ, ಅಡಿಕೆಗೆ ಎಲ್ಲವೂ ಬರುತ್ತವೆ. ಆದರೆ ಕಾಡು ಎಂಬುದು ವಿಭಕ್ತಿ ಸೇರಿದಾಗ ಕೊನೆಯ ಉಕಾರವನ್ನೇ ಕಳೆದುಕೊಳ್ಳುವುದರಿಂದ ಯಂತ್ರಕ್ಕೆ ಅದು ಬೇರೆ ಪದ. ‘ಹಾಲಕ್ಕಿ ಹಾಡು’ ಸೋಲುವುದೂ ಇದೇ ಕಾರಣಕ್ಕೆ, ದಾಖಲೆಯಲ್ಲಿರುವುದು ‘ಹಾಡಿನ’. ಮೂರನೆಯದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರ ಹುಡುಕಾಟ. ಜಾನಪದ ಎಂಬ ಒಂದೇ ಪದವನ್ನು ವಹಿಯಲ್ಲಿ ಐದು ಕಾಗುಣಿತಗಳಲ್ಲಿ ಬರೆದಿದ್ದಾರೆ, ನಾವು ಸೇರಿಸಿದ್ದು ಎರಡು. ನಾಲ್ಕನೆಯದು ಕಗ್ಗ ಭತ್ತದ ಬಗ್ಗೆ ಕನ್ನಡದ ಬರಹ. ಇಂಗ್ಲಿಷಿನವು ಸಿಗುತ್ತವೆ, ಕನ್ನಡದ್ದು ನಮ್ಮ ಯಾವ ಮೂಲದಲ್ಲಿಯೂ ಕಂಡಿಲ್ಲ. ಎರಡನೆಯ ವಹಿಯನ್ನು ಜನವರಿ 2ರಿಂದ ಗಣಕದ ಪಕ್ಕ ಇಡಲಾಗಿದೆ, ಪೆನ್ನಿನ ದಾರವನ್ನು ಮಾತ್ರ ಈ ಸಲ ಸ್ವಲ್ಪ ಉದ್ದ ಬಿಟ್ಟಿದ್ದೇವೆ.